ಎರಡು ತಿಂಗಳ ಮನೆ

ಮಾರ್ಚ್ ಕೊನೆಗೆ, ಬಳ್ಳಾರಿಯ ನಲ್ಲಿಯಲ್ಲಿ
ಬೆಳಗಿನ ಏಳಕ್ಕೇ ಕಾದ ನೀರು ಬರತೊಡಗಿದರೆ
ನಾವು ಗಂಟು ಕಟ್ಟುತ್ತಿದ್ದೆವು:
ಎರಡು ಹೊದಿಕೆ, ಶೇಂಗಾ ಹಿಂಡಿ, ಬಿ.ಪಿ. ಮಾತ್ರೆ,
ಪಂಪಾಪತಿಯವರ ಲೆಕ್ಕದ ಡೈರಿ.
ಬಾಗೇಪಲ್ಲಿ ದಾಟಿ, ಪೆರೇಸಂದ್ರಕ್ಕೆ ಸ್ವಲ್ಪ ಮೊದಲು
ಬಸ್ಸಿನ ಗಾಳಿ ಮನಸ್ಸು ಬದಲಿಸುವ ಜಾಗ ಒಂದಿದೆ.
ಅಲ್ಲಿ ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು,
ಚಳಿಗಲ್ಲ, ಮರ್ಯಾದೆಗೆ,
ದೊಡ್ಡವರೊಬ್ಬರ ಮನೆಗೆ ಹೊರಟವರ ಹಾಗೆ.

ಕಳವಾರ ಬೆಟ್ಟದ ಬುಡದಲ್ಲಿ ಎರಡು ಕೋಣೆ.
ರೈಲ್ವೆಯ ಪಿ.ಎಫ್. ಪೂರಾ ಅದರ ಗೋಡೆಗಳಲ್ಲಿತ್ತು.
ಮೇ ತಿಂಗಳಲ್ಲಿ ಹೊದ್ದು ಮಲಗುವುದೆಂದರೆ!
ನಡುರಾತ್ರಿ ಬೇಕೆಂದೇ ಎದ್ದು
ಹೊದಿಕೆಯನ್ನು ಇನ್ನೊಮ್ಮೆ ಕತ್ತಿನವರೆಗೆ ಎಳೆದುಕೊಂಡು
ಊರಿನ ನಾದಿನಿಯರನ್ನು ನೆನೆಯುತ್ತಿದ್ದೆ.
ಪಾಪದ ಸುಖ ಅದು. ಇದ್ದರೆ ಇರಲಿ.

ನಾವಿಲ್ಲದ ಹತ್ತು ತಿಂಗಳೂ ಮನೆ ಉಣ್ಣುತ್ತಿತ್ತು.
ಮಳೆಗೊಮ್ಮೆ ಸುಣ್ಣ ಉಂಡಿತು, ಇಲಿ ತಿಂದ ವೈರು ಉಂಡಿತು,
ಬಡಾವಣೆಯ ಸಂಘಕ್ಕೆ ತಿಂಗಳಿಗೆ ಇಷ್ಟೆಂದು ಕಟ್ಟಿಸಿತು,
ಹಚ್ಚದ ದೀಪಕ್ಕೂ ಬಿಲ್ಲು ಕಳಿಸಿತು.
ಶುಕ್ರವಾರ ಶುಕ್ರವಾರ ಬಾಗಿಲು ತೆಗೆದು ಗುಡಿಸುತ್ತಿದ್ದವಳು ಅಕ್ಕಯ್ಯಮ್ಮ.
ಯಾವ ಕಲ್ಲು ಕಾಲಡಿ ಟೊಳ್ಳೆನ್ನುತ್ತದೆ ಅವಳಿಗೆ ಗೊತ್ತು, ನನಗಿಲ್ಲ.
ಸಂಬಳ ಏರಿಸಬೇಕೆಂದು ಕೇಳುವಾಗ
ನನ್ನನ್ನು ನೋಡದೆ ಗೋಡೆಗೆ ಹೇಳುತ್ತಿದ್ದಳು.
ಗೋಡೆ ಒಪ್ಪಿಕೊಳ್ಳುತ್ತಿತ್ತು.

ಮತ್ತೆ ನೀರು.
ಮೊದಲ ವರ್ಷ ಬೈರೇಶನ ಟ್ಯಾಂಕರು ನಾನೂರಕ್ಕೆ ಬಂತು,
ಹೋದ ವರ್ಷ ಸಾವಿರದ ನಾನೂರಕ್ಕೆ.
'ಬೋರು ಇನ್ನೂ ಕೆಳಕ್ಕೆ ಹೋಯ್ತಮ್ಮ' ಎನ್ನುತ್ತಿದ್ದ,
ಸಂಪಿನೊಳಗೆ ಪೈಪು ಇಳಿಬಿಟ್ಟು, ಬೀಡಿ ಹಚ್ಚಿ.
ಅವನ ಮಾತು ಸುಳ್ಳಲ್ಲ, ದರವೂ ಸುಳ್ಳಲ್ಲ.

ಒಂದು ಸಂಜೆ ಪಂಪಾಪತಿ ಡೈರಿಯ ಹಿಂಬದಿಯಲ್ಲಿ ಗೀಟು ಎಳೆದರು.
ಒಂಬತ್ತು ಬೇಸಿಗೆ, ನಾನೂರ ಐವತ್ತು ರಾತ್ರಿ.
ಮನೆಯ ಬೆಲೆ ಬಿಟ್ಟು, ಬರೀ ಖರ್ಚು ಹಂಚಿದರೆ
ಒಂದು ರಾತ್ರಿಯ ನಿದ್ದೆಗೆ ಎರಡು ಸಾವಿರದ ಮುನ್ನೂರು.
'ಇಷ್ಟು ತುಟ್ಟಿ ನಿದ್ದೆ ನಮ್ಮ ಮನೆತನದಾಗ ಯಾರೂ ಮಾಡಿಲ್ಲ' ಅಂದರು.
ನಗಲೆಂದು ಹೇಳಿದ್ದು.
ಅವತ್ತು ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ,
ಅದೂ ಲೆಕ್ಕಕ್ಕೆ ಸೇರಿತು.

ಕೊಂಡವನು ಬೈರೇಶನೇ.
ಚಿಕ್ಕಬಳ್ಳಾಪುರದ ನೋಂದಣಿ ಕಚೇರಿಯ ಬೆಂಚಿನಲ್ಲಿ
ಪತ್ರ ಬರೆಯುವವನು ಚೆಕ್ಕುಬಂದಿ ಓದಿದ:
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಖಾಲಿ ಸೈಟು,
ಉತ್ತರಕ್ಕೆ ಒಬ್ಬ ಡಾಕ್ಟರು, ದಕ್ಷಿಣಕ್ಕೆ ಮೋರಿ.
ಬೆಟ್ಟದಿಂದ ಇಳಿದು ಬರುವ ಗಾಳಿ ಯಾವ ದಿಕ್ಕಿನಲ್ಲೂ ಇರಲಿಲ್ಲ.
ನನ್ನ ಹೆಬ್ಬೆರಳನ್ನು ಯಂತ್ರ ಮೂರು ಸಲ ಒಲ್ಲೆನೆಂದಿತು.
ನಾಲ್ಕನೇ ಸಲ, ಸೆರಗಿಗೆ ಒರೆಸಿ ಒತ್ತಿದೆ.

ಹೊರಗೆ ಅಕ್ಕಯ್ಯಮ್ಮ ಕಾಯುತ್ತಿದ್ದಳು, ಕರೆದಿರಲಿಲ್ಲ.
'ನನ್ನ ಹೆಸರು ಅದರಾಗೆ ಎಲ್ಲಾದ್ರೂ ಬಂತೇನಮ್ಮಾ?'
ಒಂಬತ್ತು ವರ್ಷದಲ್ಲಿ ಮೊದಲ ಬಾರಿ
ನನ್ನ ಮುಖ ನೋಡಿ ಕೇಳಿದ ಪ್ರಶ್ನೆ.
ನಾನು ಬಸ್ಸಿನ ಹೊತ್ತು ನೋಡಿದೆ.

ಬೈರೇಶ ಕಾಫಿ ಕೊಡಿಸಿದ.
ಮನೆಯನ್ನು ದಿನಬಾಡಿಗೆಗೆ ಬಿಡುತ್ತಾನಂತೆ,
ಬೆಟ್ಟ ಹತ್ತಲು ರಾತ್ರಿ ಬರುವ ಹುಡುಗರಿಗೆ.
'ನೀವೂ ಬನ್ನಿ, ಏಪ್ರಿಲ್ಲಿಗೆ. ಬೇರೆಯವರಿಗೆ ಸಾವಿರದ ಎಂಟುನೂರು,
ನಿಮಗೆ ಒಂದೂವರೆ. ನೀರು ನಮ್ಮದೇ.'
ಪಂಪಾಪತಿ ಅಲ್ಲೇ, ಲೋಟದ ಪಕ್ಕದಲ್ಲಿ ಡೈರಿ ತೆಗೆದರು.
ಕೂಡಿದರು, ಕಳೆದರು.
'ರಾತ್ರಿಗೆ ಎಂಟುನೂರು ಉಳೀತದಲ್ಲೇ' ಅಂದರು,
ಗೆದ್ದವರ ದನಿಯಲ್ಲಿ.

ಪೆನುಕೊಂಡ ದಾಟಿದ ಮೇಲೆ ಗಾಳಿ ಬಿಸಿಯಾಯಿತು.
ಅವರು ಮೇಲಿನ ಗುಂಡಿ ಬಿಚ್ಚಿದರು.
ಕಿಟಕಿ ಮುಚ್ಚೆಂದರು, ನಾನು ಮುಚ್ಚಲಿಲ್ಲ.
ಮಡಿಲ ಚೀಲದಲ್ಲಿ ಎರಡು ಹೊದಿಕೆ,
ಇನ್ನೂ ಆ ಮನೆಯಷ್ಟೇ ತಣ್ಣಗೆ.